ಲೈನಿನ ಮಕ್ಕಳಿಗೆ ಕಂಪ್ಯೂಟರ್ ಯಾಕಿಲ್ಲ?

ಸ್ನೇಹಿತರೇ, ಇಂದು ಬೆಳಿಗ್ಗೆ ಸೋಮವಾರಪೇಟೆ ಬಳಿಯ ನಮ್ಮೂರ ಶಾಲೆಯಲ್ಲಿ ಕಾಫಿ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಆರು ಮಕ್ಕಳನ್ನು ಕಂಪ್ಯೂಟರ್ ಮುಂದಿನಿಂದ ಎಬ್ಬಿಸಿ ಗೋಡೆಗೆ ನಿಲ್ಲಿಸಿದರು. ದೊಡ್ಡವರಾದ ಮೇಲೆ ಯಾವ ಕೆಲಸ ಮಾಡಬಹುದು ಎಂದು ಏಳನೇ ತರಗತಿಯವರು ಹುಡುಕುವ ಪಾಠವದು. ಮೊಮ್ಮಗಳಿಗೆ ಬುತ್ತಿ ಕೊಡಲು ಹೋಗಿದ್ದೆ. ಅವಳು ಕೂತೇ ಇದ್ದಳು.

"ಇವರನ್ಯಾಕೆ ಎಬ್ಬಿಸಿದ್ರಿ ಮೇಷ್ಟ್ರೇ?"

"ಕಾಫಿ ಪಿಕ್ಕಿಂಗ್ ಮುಗಿದ್ರೆ ಗಂಟು ಕಟ್ಕೊಂಡು ಹೋಗೋರು ಸಾರ್. ಇರೋದೇ ನಾಲ್ಕು ಕಂಪ್ಯೂಟರ್."

ಗೋಡೆ ಬಳಿಯಿದ್ದ ಸೆಲ್ವಿ ಸುಮ್ಮನಿರಲಿಲ್ಲ. "ಹೋದ ವರ್ಷಾನೂ ಹಿಂಗೇ ಅಂದ್ರಿ ಸಾರ್, ನಾನು ಹೋಗಲೇ ಇಲ್ವಲ್ಲ! ಕಾಫಿ ಕುಡಿದು ರುಚಿ ಹೇಳೋರಿಗೆ ಸಂಬಳ ಕೊಡ್ತಾರಂತೆ. ಅದಕ್ಕೇನು ಓದ್ಬೇಕು ಅಂತ ನೋಡ್ಬೇಕಿತ್ತು."

"ಮೊದ್ಲು ಹಣ್ಣು ಕುಯ್ಯೋದು ಕಲಿ" ಎಂದರು ಮೇಷ್ಟ್ರು.

ಈ ಕಂಪ್ಯೂಟರ್‌ಗಳು ಬಂದ ದಿನ ಜೀಪು ಕೆಸರಲ್ಲಿ ಹೂತಿತ್ತು. ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಏರು ಹತ್ತಿಸಿದವರು ಲೈನಿನವರು. ನಾವು ಊರಿನವರು ಕೊಡೆ ಹಿಡಿದು ನೋಡುತ್ತಿದ್ದೆವು.

ಇನ್ನು ಆ ಪಾಠವಿದ್ದಾಗಲೆಲ್ಲ ನಾನು ಅಲ್ಲೇ ಕೂರುತ್ತೇನೆ. ಮುಖ್ಯೋಪಾಧ್ಯಾಯರೇ, ಯಾವ ಮಗು ಊರು ಬಿಡುತ್ತದೆ ಎಂದು ಮೊದಲೇ ತೀರ್ಮಾನಿಸಿದವರು ಯಾರು? ಶನಿವಾರದ ಪೋಷಕರ ಸಭೆಯಲ್ಲಿ, ಸೆಲ್ವಿಯ ಎದುರಿಗೇ ಉತ್ತರ ಹೇಳಿ.