ಲೆಂಪಿಯಕ್ಕನ ಕಿವಿ

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ನಮ್ಮೂರಿನಲ್ಲಿ ಹಿಮದ ಮೇಲೆ ಓಡುವ ಯಾರ ಮೋಟಾರು ಹಿಮಬಂಡಿ ಕೆಟ್ಟರೂ ಅದು ಲೆಂಪಿಯಕ್ಕನ ಶೆಡ್ಡಿಗೆ ಬರುತ್ತದೆ. ಆಕೆ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಮೊನ್ನೆ ಪಂಚಾಯ್ತಿ ಅಧ್ಯಕ್ಷ ವರ್ನರ್ ಬಂದರು. ಅವರು ತಮ್ಮ ನೆರೆಮನೆಯ ಅರ್ವಿಡ್‌ನಿಂದ ಹಳೇ ಬಂಡಿ ಕೊಂಡು ತಿಂಗಳಾಗಿತ್ತು.

"ಮೆಲ್ಲಗೆ ಹೋದ್ರೆ ದಬ್ ದಬ್ ಅಂತ ನಡುಗುತ್ತೆ. ಎಂಜಿನ್ನೇ ಹೋಗಿದೆ. ಅರ್ವಿಡ್ ನಂಗೆ ಟೋಪಿ ಹಾಕಿದ. ಇವತ್ತು ಸಭೇಲಿ ಎಲ್ಲರೆದುರು ಅವನ ಮಾನ ಕಳೀತೀನಿ."

"ಕಳೀರಂತೆ. ಮೊದ್ಲು ಓಡ್ಸಿ, ಕೇಳೋಣ."

ಲೆಂಪಿಯಕ್ಕ ಕಣ್ಣು ಮುಚ್ಚಿ ಕೇಳಿದಳು. ವೇಗ ಏರಿದಂತೆ ಸದ್ದು ಅಡಗಿತು. ಎಂಜಿನ್ನಿನ ಶಕ್ತಿಯನ್ನು ಪಟ್ಟಾಕ್ಕೆ ಮುಟ್ಟಿಸುವ ಬೆಲ್ಟ್ ಬಿಚ್ಚಿ ಬೆರಳಾಡಿಸಿದರೆ, ಒಂದೇ ಕಡೆ ಸುಟ್ಟು ಸವೆದಿತ್ತು.

"ಅಧ್ಯಕ್ಷರೇ, ನಿಲ್ಸುವಾಗ ಕೆಳಗೆ ಹಲಗೆ ಇಡ್ತೀರಾ?"

"ಅದ್ಯಾಕೆ? ಬೆಳಿಗ್ಗೆ ಜೋರಾಗಿ ಆಕ್ಸಿಲರೇಟರ್ ಒತ್ತಿದ್ರೆ ಕಿತ್ಕೊಂಡು ಬರುತ್ತೆ."

"ಬಂಡೀನ ಓಡ್ಸೋ ಕೆಳಗಿನ ರಬ್ಬರ್ ಪಟ್ಟಾ ರಾತ್ರಿ ನೆಲಕ್ಕೆ ಹೆಪ್ಪುಗಟ್ಟಿರುತ್ತೆ, ನೀವು ಒತ್ತುತ್ತಾನೇ ಇರ್ತೀರಿ. ಎಂಜಿನ್ ತಿರುಗುತ್ತೆ, ಬೆಲ್ಟ್ ಕದಲದೆ ಒಂದೇ ಜಾಗದಲ್ಲಿ ಉಜ್ಜಿ ಸುಡುತ್ತೆ. ಆ ಸವೆದ ಜಾಗ ಬಂದಾಗಲೆಲ್ಲ ದಬ್ ಅನ್ನುತ್ತೆ. ಅರ್ವಿಡ್ ಹನ್ನೆರಡು ವರ್ಷ ಹಲಗೆ ಮೇಲೇ ನಿಲ್ಸಿದ್ದ."

ಹೊಸ ಬೆಲ್ಟ್ ಹಾಕಿದಳು. ನಡುಕ ನಿಂತಿತು.

ಸಭೆಯಲ್ಲಿ ವರ್ನರ್ ಅರ್ವಿಡ್‌ನ ಹೆಸರೆತ್ತಲಿಲ್ಲ. ಬದಲಿಗೆ, ಬಂಡಿಯ ಕೆಳಗೆ ಹಲಗೆ ಇಡುವುದರ ಮಹತ್ವವನ್ನು ಅರ್ಧ ಗಂಟೆ ವಿವರಿಸಿದರು. ಹಿಂದಿನ ಸಾಲಿನಲ್ಲಿ ಲೆಂಪಿಯಕ್ಕ ಕಾಲುಚೀಲ ಹೆಣೆಯುತ್ತಾ, ಈ ಸಂಗತಿಯನ್ನು ಮೊದಲ ಸಲ ಕೇಳುವವಳಂತೆ ತಲೆದೂಗುತ್ತಿದ್ದಳು.