ಗಿರಣಿಯ ಮುಂದೆ ಖಾಲಾ ಹೇಳಿದ ಮಾತು

ಮೆಹಬೂಬಿ ಖಾಲಾ ನನಗೆ ಹೇಳಿದ್ದರು. ಸೊಸೆಗೆ ಜ್ವರ ಬಂದಿದೆ ಎಂದು ಭಾನುವಾರ ಸಂಜೆ, ಹಿಟ್ಟಿನ ಗಿರಣಿಯ ಮುಂದೆ, ನನ್ನ ಮುಖ ನೋಡಿಯೇ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಬರುತ್ತೇನೆ ಎಂದೂ ಅಂದಿದ್ದೆ. ಮೂರು ವಾರದ ಮೇಲೆ ಅವರದೇ ಅಂಗಳದಲ್ಲಿ, ಅವರ ಮಗನ ಎದುರಿಗೆ, ಡಾಕ್ಟರಮ್ಮ ಕೇಳಿದಾಗ — ನನಗೆ ಯಾರೂ ಹೇಳಿಲ್ಲ ಎಂದೆ.

ಈ ಮಾತಿಗೆ ಈಗ ಮೂರು ವರ್ಷ. ಊರಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ ಇವತ್ತಿಗೂ ನನ್ನನ್ನು ಕರೆದು ಚಹಾ ಕೊಡುತ್ತಾರೆ. ನಾನು ಕುಡಿಯುತ್ತೇನೆ.

ಕೊರೊನಾ ಹೋದ ಮರುವರ್ಷ ನಮ್ಮ ಕಡೆ ಒಂದು ಅಧ್ಯಯನ ಶುರುವಾಗಿತ್ತು. ಫ್ಲೂ ಜ್ವರ ಯಾವ ಊರಿಗೆ ಯಾವ ವಾರ ಬರುತ್ತದೆ, ಅಲ್ಲಿಂದ ಎತ್ತ ಹೋಗುತ್ತದೆ ಎಂದು ನೋಡುವ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ — ಮೂರೂ ತಾಲೂಕಿನಲ್ಲಿ ಕೆಲವು ಊರು ಆರಿಸಿ, ಒಂದೊಂದು ಊರಿಗೆ ಒಬ್ಬೊಬ್ಬ ಹೆಣ್ಣುಮಗಳನ್ನು ಇಟ್ಟುಕೊಂಡಿದ್ದರು. ಭೂಸನೂರಿನ ಹತ್ತಿರದ ನಮ್ಮ ಊರಿಗೆ ನಾನು. ತಮ್ಮನ ಮನೆಯಲ್ಲಿ ಇರುವವಳು, ಹತ್ತನೆಯ ತರಗತಿ ಓದಿದವಳು, ಎಲ್ಲ ಬರೆದಿಡುವ ಚಟದವಳು. ಎಮ್ಮೆ ಎಂದು ಕರು ಹಾಕಿತು, ಗ್ಯಾಸ್ ಎಂದು ತೀರಿತು ಎಂಬುದೂ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಆ ಕೆಲಸ ನನಗೆ ಒಗ್ಗುತ್ತದೆ ಎಂದು ಎಲ್ಲರೂ ಅಂದರು. ನಾನೂ ಹಾಗೇ ತಿಳಿದಿದ್ದೆ.

ಸೋಮವಾರ, ಗುರುವಾರ ನಲವತ್ತು ಮನೆ ಸುತ್ತಬೇಕು. ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಕೇಳಬೇಕು. ಅಧ್ಯಯನದವರು ಕೊಟ್ಟ ಫೋನಿನಲ್ಲಿ ಮನೆಗೊಂದು ಸಾಲು, ಸಾಲಿನಲ್ಲಿ ಮೂರು ಗುಂಡಿ: ಇದೆ, ಇಲ್ಲ, ಬೀಗ. 'ಇದೆ' ಎಂದು ಒತ್ತಿದರೆ ಮೂಗಿನಲ್ಲಿ ಹತ್ತಿಯ ಕಡ್ಡಿ ಆಡಿಸಿ, ಅದನ್ನು ಗುಲಾಬಿ ನೀರಿನ ಸೀಸೆಯಲ್ಲಿ ಮುರಿದು ಹಾಕಿ, ಸೀಸೆಯನ್ನು ಥಂಡಿ ಡಬ್ಬಿಯಲ್ಲಿಟ್ಟು ಹನ್ನೊಂದರ ಬಸ್ಸಿಗೆ ಆಳಂದಕ್ಕೆ ಕಳಿಸಬೇಕು. ಅವತ್ತು ಸಂಜೆಯೇ ಫಲಿತಾಂಶ ಬರುತ್ತಿತ್ತು. ಫ್ಲೂ ಎಂದಾದರೆ ಅಧ್ಯಯನದ ಡಾಕ್ಟರಮ್ಮ ಗುಳಿಗೆ ಕಳಿಸುತ್ತಿದ್ದರು. ಜ್ವರ ಹತ್ತಿದ ಎರಡು ದಿನದೊಳಗೆ ಕೊಟ್ಟರೆ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಸಿರಿಯರ ಮನೆಗೆ ಮೊದಲು ಹೋಗಿ — ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಹೇಳಿದ್ದರು. ನಾನು ಅದನ್ನೂ ಬರೆದುಕೊಂಡಿದ್ದೆ.

ಆ ಸೋಮವಾರ ಎಳ್ಳಮಾಸಿ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರಲ್ಲಿ ಯಾರೂ ಉಳಿಯುವುದಿಲ್ಲ. ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಂಡು, ಹೊತ್ತು ಇಳಿದ ಮೇಲೆ ಮರಳುತ್ತಾರೆ. ಖಾಲಾನ ಮನೆಯವರೂ ವರ್ಷವರ್ಷ ನಮ್ಮ ಹೊಲಕ್ಕೇ ಬರುತ್ತಿದ್ದರು.

ಹಿಂದಿನ ಸಂಜೆ ನಾನು ಸಜ್ಜೆ ಬೀಸಿಸಲು ಹೋಗಿದ್ದೆ. ಗಿರಣಿಯ ಶರಣಪ್ಪ ನನ್ನನ್ನು ಕಂಡವನೇ ಕೂಗಿದ. "ಕಡ್ಡಿ ಅಕ್ಕ ಬಂದ್ಳು, ಎಲ್ಲಾರೂ ಮೂಗ ಮುಚ್ಕೋರಿ."

"ನಿನ್ನ ಮೂಗಿನ್ಯಾಗ ಹಿಟ್ಟ ಬಿಟ್ಟು ಏನದ ಲೇ, ಅಕಿ ಕಡ್ಡಿಗಿ ಸಿಗಾಕ," ಎಂದರು ಖಾಲಾ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಗು ಮುಗಿದ ಮೇಲೆ ಖಾಲಾ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಸುಗಲಾ, ರಿಜ್ವಾನಾಗ ಮಧ್ಯಾಹ್ನದಿಂದ ಮೈ ಕಾದದ ಬೇಟಾ. ಕೆಮ್ಮೂ ಅದ. ಏಳು ತಿಂಗಳ ಬಸಿರಿ. ನಾಳಿ ನಿನ್ನ ಕಡ್ಡಿ ತಗೊಂಡ ಬಾ."

"ಮೊದಲ ನಿಮ್ಮನೀಗೇ ಬರ್ತೇನಿ ಖಾಲಾ," ಎಂದೆ.

ಸುಳ್ಳು ಹೇಳಬೇಕೆಂದು ಅಂದದ್ದಲ್ಲ. ಆದರೆ ಬೆಳಗಾದ ಮೇಲೆ — ಭಜ್ಜಿಯ ಪಾತ್ರೆ ಒಲೆಯ ಮೇಲೆ, ಹೋಳಿಗೆ ಅರ್ಧ ಆಗಿದೆ, ಬಾಗಿಲಲ್ಲಿ ಟಂಟಂ ಆಟೋ ಬಂದು ನಿಂತಿದೆ. ಊರೆಲ್ಲ ಹೊಲಕ್ಕೆ ಹೊರಟಿದೆ, ಯಾವ ಮನೆಯಲ್ಲಿ ಯಾರನ್ನು ಕೇಳಲಿ? 'ಬೀಗ' ಎಂದು ಒತ್ತಬೇಕಿತ್ತು. ಬೀಗ ಎಂದರೆ ಮರುದಿನ ಆ ಮನೆಗಳನ್ನೆಲ್ಲ ಮತ್ತೆ ಸುತ್ತಬೇಕು. ಹೋಳಿಗೆಯ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗಳದ ಹೊರಸಿನ ಮೇಲೆ ಕೂತು, ಒಂದರ ಹಿಂದೆ ಒಂದು 'ಇಲ್ಲ' ಒತ್ತುತ್ತ ಹೋದೆ. ಖಾಲಾನ ಮನೆಯ ಸಾಲು ಬಂದಾಗ ಬೆರಳು ನಿಂತಿತು. ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ತಮ್ಮನ ಹೆಂಡತಿ ನಾಗಮ್ಮ ಕರೆದಳು. "ಅಕ್ಕಾರ, ಎಷ್ಟೊತ್ತ ಆ ಫೋನ್ ನೋಡ್ತೀರಿ, ಬರ್ರಿ." ನಾನು ಒತ್ತಿಬಿಟ್ಟೆ. ಸಂಜೆ ಹೋಗಿ ನೋಡಿದರಾಯಿತು ಎಂದುಕೊಂಡೆ.

ಟಂಟಂ ಖಾಲಾನ ಓಣಿಯಿಂದಲೇ ಹೋಯಿತು. ಅವರು ಬಾಗಿಲಲ್ಲಿ ನಿಂತಿದ್ದರು. ನನ್ನ ದಾರಿಯನ್ನೇ ಕಾಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಬರುವಾಗ ಬರುತ್ತೇನೆ ಎಂದು ಕೈ ಮಾಡಿ ತೋರಿಸಿದೆ. ಅವರು ತಲೆಯಾಡಿಸಿದರು. "ಬರೋ ಮುಂದ ಭಜ್ಜಿ ತಗೊಂಡ ಬಾ, ಮರೀಬ್ಯಾಡ," ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ.

ಸಂಜೆ ಭಜ್ಜಿ ಹೋಯಿತು. ನಾಗಮ್ಮನ ಕೈಯಲ್ಲಿ ಡಬ್ಬಿ ತುಂಬಿ ಕಳಿಸಿದೆ. ನಾನು ಹೋಗಲಿಲ್ಲ. ಕಾಲು ನೋಯುತ್ತಿತ್ತು — ಕಾಲು ಯಾರಿಗೆ ನೋಯುವುದಿಲ್ಲ.

ಆದರೆ ನನ್ನ ನಿಜವಾದ ತಪ್ಪು ಸೋಮವಾರದ್ದಲ್ಲ, ಮಂಗಳವಾರದ್ದು. ಇದನ್ನು ನನ್ನ ನೋಟ್‌ಬುಕ್ಕಿನಲ್ಲೂ ನಾನು ಬರೆದಿರಲಿಲ್ಲ.

ಮಂಗಳವಾರ ಬೆಳಗ್ಗೆ ಖಾಲಾ ತೊಳೆದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಬರಿದು ಮಾಡಿ ಕೊಡಬಾರದೆಂದು ಒಳಗೆ ಒಂದು ಹಿಡಿ ಸಕ್ಕರೆ ಹಾಕಿದ್ದರು. "ನಿನ್ನಿ ಬರಲೇ ಇಲ್ಲಲ್ಲ ಬೇಟಾ. ರಾತ್ರಿಯೆಲ್ಲಾ ಕೆಮ್ಮ್ಯಾಳ," ಎಂದರು. ಆಗಲೂ ಹೊತ್ತು ಮೀರಿರಲಿಲ್ಲ. ಥಂಡಿ ಡಬ್ಬಿ ಗೂಡಿನಲ್ಲೇ ಇತ್ತು, ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಆದರೆ 'ಇದೆ' ಎಂದು ಒತ್ತಿದ ಕೂಡಲೇ ಫೋನು, ಜ್ವರ ಯಾವ ದಿನ ಹತ್ತಿತು ಎಂದು ಕೇಳುತ್ತದೆ. ಭಾನುವಾರ ಎಂದು ಹಾಕಬೇಕು. ಸೋಮವಾರ ನಾನೇ 'ಇಲ್ಲ' ಎಂದು ಕಳಿಸಿದ್ದೇನೆ. ಸಿಕ್ಕಿಬೀಳುತ್ತೇನೆ — ಆಗ ತಲೆಯಲ್ಲಿದ್ದದ್ದು ಇದೊಂದೇ. ಆ ಹುಡುಗಿಯ ಹೊಟ್ಟೆಯಲ್ಲಿದ್ದ ಕೂಸು ನೆನಪಿಗೆ ಬರಲಿಲ್ಲ.

"ಹವಾ ಬದಲಾಗೇದ ಖಾಲಾ, ಎಲ್ಲಾರಿಗೂ ಹಿಂಗೇ ಅದ," ಎಂದೆ. ಮನೆಯಲ್ಲಿದ್ದ ಜ್ವರದ ಗುಳಿಗೆ ಕೊಟ್ಟೆ. ಅವರು ಗುಳಿಗೆ ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ರಿಜ್ವಾನಾಳ ಗಂಡ ಇಸ್ಮಾಯಿಲ್ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಂಗಾಮಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಮನೆಗೆ ಬರುವವನು. ಗುರುವಾರ ಬೆಳಗ್ಗೆ ಬಂದು ನೋಡಿದರೆ ಹೆಂಡತಿ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು, ತುಟಿಗಳು ಕಪ್ಪಾಗಿದ್ದವು. ಕಲಬುರಗಿಗೆ ಒಯ್ದರು. ಅಲ್ಲಿ ಕಡ್ಡಿ ಹಾಕಿ ನೋಡಿ, ಫ್ಲೂ ಎಂದರು. ಮೂರನೆಯ ದಿನ ಕೂಸು ಹುಟ್ಟಿತು. ಗಂಡು. ಸಂಜೆಯವರೆಗೂ ಉಳಿಯಲಿಲ್ಲ. ರಿಜ್ವಾನಾ ಎರಡು ವಾರ ಆಕ್ಸಿಜನ್ ಮೇಲಿದ್ದು ಬರಿಗೈಯಲ್ಲಿ ಮರಳಿದಳು.

ಅಧ್ಯಯನದ ಡಾಕ್ಟರಮ್ಮ ವಿಚಾರಿಸಲು ಬಂದರು. ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಸೋಮವಾರ ಜ್ವರ ಇಲ್ಲ ಎಂದಿದೆ, ಗುರುವಾರ ಇಷ್ಟು ಹೆಚ್ಚಾಗಿದ್ದು ಹೇಗೆ ಎಂದು ಕೇಳಿದರು. ಖಾಲಾ ತಡವರಿಸಲಿಲ್ಲ. "ಐತವಾರನೇ ಜ್ವರ ಇತ್ರಿ. ಗಿರಣಿ ಮುಂದ ನಾ ಸುಗಲಾಗ ಹೇಳೀನ್ರಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹೇಳಿದ್ರಾ?"

"ನನಗ ಯಾರೂ ಹೇಳಿಲ್ರಿ."

ನನ್ನ ದನಿ ನಡುಗಲೂ ಇಲ್ಲ. ಅದು ಇವತ್ತಿಗೂ ನನಗೆ…

ಇಸ್ಮಾಯಿಲ್ ತಾಯಿಯ ಕಡೆ ನೋಡಿದ. "ಕಾಯ್ಕು ಝೂಟ್ ಬೋಲ್ತೀ ಅಮ್ಮಾ?" ಎಂದ. ಯಾಕೆ ಸುಳ್ಳು ಹೇಳುತ್ತೀ ಎಂದು, ತಾಯಿಗೆ. ಖಾಲಾ ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದು ನಾನು ಕಾದೆ, ಅವರು ಬಯ್ಯಲಿಲ್ಲ. ಮಂಗಳವಾರದ ಮಾತನ್ನೂ ಎತ್ತಲಿಲ್ಲ. ಏನೋ ಹುಡುಕುವವರ ಹಾಗೆ ಹಣೆ ತಿಕ್ಕಿಕೊಂಡು, "ಹೇಳಿಲ್ಲೇನು? ಹೇಳ್ದಂಗ ನೆನಪದ… ಇರ್ಲಿ, ನಾನೇ ಮರ್ತಿರ್ಬೇಕು," ಎಂದರು.

ನನ್ನನ್ನು ಉಳಿಸಲು ಹಾಗೆ ಅಂದರು ಎಂದು ಬಹಳ ದಿನ ತಿಳಿದಿದ್ದೆ. ಹಾಗೆ ತಿಳಿದರೆ ನನಗೆ ಹಗುರವಾಗುತ್ತಿತ್ತು. ಅದು ಹಾಗಲ್ಲ. ಅವರು ನನ್ನ ಮಾತು ನಂಬಿದ್ದರು. ನಾನು ಎಲ್ಲ ಬರೆದಿಡುವವಳು, ನಾನು ಮರೆಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಸುಗಲಾ ಇಲ್ಲ ಎಂದರೆ ಇಲ್ಲ. ವಾರಗಟ್ಟಲೆ ದವಾಖಾನೆಯಲ್ಲಿ ನಿದ್ದೆಗೆಟ್ಟಿದ್ದ ಆ ಮುದುಕಿ, ತನ್ನ ತಲೆಯೇ ಕೆಟ್ಟಿರಬೇಕು ಎಂದು ಅವತ್ತು ಒಪ್ಪಿಕೊಂಡುಬಿಟ್ಟರು.

ಕೆಲವು ತಿಂಗಳ ಮೇಲೆ ಆಳಂದದಲ್ಲಿ ನಮ್ಮನ್ನೆಲ್ಲ ಸೇರಿಸಿ ಗೋಡೆಯ ಮೇಲೆ ನಕ್ಷೆ ತೋರಿಸಿದರು. ಒಂದೊಂದು ಊರು ಒಂದೊಂದು ಚುಕ್ಕಿ. ಎಳ್ಳಮಾಸಿಯ ವಾರ ಸುತ್ತಲಿನ ಚುಕ್ಕಿಗಳೆಲ್ಲ ಕೆಂಪು, ನಮ್ಮ ಊರೊಂದು ಬಿಳಿ. ರಿಜ್ವಾನಾಳ ಹೆಸರು ದವಾಖಾನೆಯ ಪಟ್ಟಿಗೆ ಹೋಗಿತ್ತು, ನಮ್ಮ ಊರಿನ ಚುಕ್ಕಿಗೆ ಸೇರಿರಲಿಲ್ಲ. ಈ ಊರು ಹೇಗೆ ಉಳಿಯಿತು ಎಂದು ಓದಿದವರೆಲ್ಲ ವಿಚಾರ ಮಾಡಿದರು. ನಿಮ್ಮ ಊರಿನವರು ಏನು ಮಾಡಿದಿರಿ ಎಂದು ನನ್ನನ್ನೇ ಕೇಳಿದರು. "ನಾವೆಲ್ಲಾ ಹೊಲದಾಗ ಭಜ್ಜಿ ಉಣ್ಣಾಕತ್ತಿದ್ವಿರಿ," ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಬಿಳಿ ಚುಕ್ಕಿ ನನ್ನ ಎಣ್ಣೆಗೈಯ ಬೆರಳಿನ ಗುರುತು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಸ್ಮಾಯಿಲ್ ಮತ್ತು ರಿಜ್ವಾನಾ ಬೇರೆ ಮನೆ ಮಾಡಿ ಭೂಸನೂರಿನಲ್ಲಿ ಇದ್ದಾರೆ. ಅವರಿಗೆ ಈಗ ಒಂದು ಹೆಣ್ಣು ಕೂಸು. ಶುಕ್ರವಾರ ನಮಾಜಿನ ಮೇಲೆ ಮೂವರೂ ಖಾಲಾನ ಮನೆಗೆ ಊಟಕ್ಕೆ ಬರುತ್ತಾರೆ. ಕೂಸು ಅಜ್ಜಿಯ ತೊಡೆಯ ಮೇಲೆ ಆಡುತ್ತದೆ, ಆದರೆ ರಿಜ್ವಾನಾ ಅದನ್ನು ಬಿಟ್ಟು ನೀರು ತರಲಿಕ್ಕೂ ಏಳುವುದಿಲ್ಲ. ಅವಳದು ತಪ್ಪಲ್ಲ. ಸೊಸೆಯ ಜ್ವರವನ್ನು ಬಾಯಿಬಿಟ್ಟು ಹೇಳದ ಅತ್ತೆ ಎಂದೇ ಅವಳು ತಿಳಿದಿದ್ದಾಳೆ.

ಹೋದ ವಾರ ಖಾಲಾ ನನಗೆ ಚಹಾ ಕೊಟ್ಟರು. ಒಳಗೆ ಹೋಗಿ ಮರಳಿ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. "ಸುಗಲಾ, ಚಾ ಕೊಟ್ನೇನ ನಿನಗ, ಇಲ್ಲಾ?" ಗ್ಲಾಸು ನನ್ನ ಕೈಯಲ್ಲೇ ಇತ್ತು, ಬಿಸಿ ಇನ್ನೂ ಆರಿರಲಿಲ್ಲ. "ನನ್ನ ನೆನಪಿನ ಮ್ಯಾಲ ನನಗ ಭರೋಸಾ ಇಲ್ಲ ಬೇಟಾ. ಕೂಸನ್ನ ಬಿಟ್ಟು ಹೋಗ ಅಂತ ರಿಜ್ವಾನಾಗ ನಾನೂ ಹೇಳಂಗಿಲ್ಲ," ಎಂದರು.

ವಯಸ್ಸಾಗಿದೆ, ಮರೆವು ಸಹಜ ಎಂದು ಯಾರಾದರೂ ಹೇಳಬಹುದು. ಇರಬಹುದು. ಆದರೆ ಆ ಅನುಮಾನವನ್ನು ಮೊದಲು ಬಿತ್ತಿದವಳು ನಾನು.

ಮನೆಗೆ ಬಂದು ಟ್ರಂಕಿನಿಂದ ಆ ವರ್ಷದ ನೋಟ್‌ಬುಕ್ಕು ತೆಗೆದೆ. ಈ ಮೂರು ವರ್ಷ ಅದನ್ನು ಸುಡಲಿಲ್ಲ, ತೆರೆಯಲೂ ಇಲ್ಲ. ಆ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರ: "ಸಜ್ಜೆ ಬೀಸಿಸಿದ್ದು. ಗಿರಣಿಯಲ್ಲಿ ಮೆಹಬೂಬಿ ಖಾಲಾ — ಸೊಸೆಗೆ ಮಧ್ಯಾಹ್ನದಿಂದ ಜ್ವರ, ಕೆಮ್ಮು. ನಾಳೆ ಮೊದಲು ಅಲ್ಲಿಗೆ."

ನಿನ್ನೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಆ ಸೋಮವಾರದ ನಲವತ್ತು 'ಇಲ್ಲ'ಗಳನ್ನೂ ಮಂಗಳವಾರದ ಮಾತನ್ನೂ ಹೇಳಿದೆ. ಅವರು ಬರೆದು ಕೊಡಿ ಎಂದರು. ಕೊಡುತ್ತೇನೆ. ಇವತ್ತಿಗೂ ಮಾಡುತ್ತಿರುವ ಈ ಕೆಲಸವನ್ನೂ ಬಿಡುತ್ತೇನೆ.

ನಾಳೆ ಶುಕ್ರವಾರ. ಖಾಲಾಗೆ ಕನ್ನಡ ಓದಲು ಬರುವುದಿಲ್ಲ, ಇಸ್ಮಾಯಿಲ್‌ಗೆ ಬರುತ್ತದೆ. ಅವರೆಲ್ಲ ಊಟಕ್ಕೆ ಕೂಡುವ ಮೊದಲೇ ಹೋಗುತ್ತೇನೆ — ಉಣ್ಣುವಾಗ ಹೋದರೆ ನನಗೂ ಬಡಿಸಿಬಿಡುತ್ತಾರೆ. ನೋಟ್‌ಬುಕ್ಕು ಇಸ್ಮಾಯಿಲ್‌ನ ಕೈಗೆ ಕೊಟ್ಟು, ತಾಯಿಗೆ ಕೇಳುವಂತೆ ಗಟ್ಟಿಯಾಗಿ ಓದು ಎನ್ನುತ್ತೇನೆ. ಅದರಲ್ಲಿ ಇಲ್ಲದ ಮಂಗಳವಾರದ್ದನ್ನು ನಾನೇ ಹೇಳುತ್ತೇನೆ. ಆಮೇಲೆ ಅವರು ಏನು ಅಂದರೂ, ಏನೂ ಅನ್ನದಿದ್ದರೂ, ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.

ಖಾಲಾ, ನೀವು ಮರೆತಿರಲಿಲ್ಲ. ನೀವು ಹೇಳಿದ್ದಿರಿ.