ಪಾಚಕ್ಕನೂ ಆರುನೂರ ಹದಿನಾಲ್ಕೂ

ಪಾಚಕ್ಕನ ಹೆದರಿಕೆ ಇಂದು ನಿನ್ನೆಯದಲ್ಲ. ಬಸ್ ಸ್ಟಾಪಿನವರೆಗೆ ಹೋದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಓಡಿ ವಾಪಸ್ಸು ಬರುತ್ತಿದ್ದಳು. ಮನೆಯಲ್ಲಿ ಅತ್ತೆ ಇದ್ದರು, ಅವರಿಗೆ ಕಣ್ಣೂ ಇತ್ತು, ಮೂಗೂ ಇತ್ತು. "ನಾನು ಸುಟ್ಟು ಹೋದ್ರೆ ಹೇಳಿ ಕಳಿಸ್ತೀನಿ, ನೀನು ಹೋಗಮ್ಮ ತಾಯಿ," ಎಂದು ಅವರು ಬಾಗಿಲಲ್ಲೇ ಗದರಿ ಕಳಿಸುತ್ತಿದ್ದರು. ಹಗ್ಗ ಕಂಡು ಹಾವು ಎನ್ನುವವರನ್ನು ನೀವು ನೋಡಿರಬಹುದು. ಇವಳು ಹಗ್ಗವೂ ಕಾಣದಿದ್ದರೆ, ಹಾಗಾದರೆ ಹಾವು ಎಲ್ಲಿಗೆ ಹೋಯಿತು ಎಂದು ಹುಡುಕುವವಳು.

ಇಂಥವಳಿಗೆ ಸಿಕ್ಕಿದ ಕೆಲಸವೋ, ಹೆದರುವವರೇ ಮಾಡಬೇಕಾದದ್ದು. ಒಂದು ಸರ್ಕಾರಿ ಕಟ್ಟಡದ ಎರಡನೆಯ ಮಹಡಿಯಲ್ಲಿ ಸಾವಿರದ ಇನ್ನೂರು ಬಗೆಯ ನೀಲಿಹಸಿರು ಪಾಚಿಯನ್ನು ಗಾಜಿನ ಕೊಳವೆಗಳಲ್ಲಿ ಜೀವಂತ ಇಟ್ಟಿದ್ದರು. ಓದಿದವರು ಅದನ್ನು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ, ಅದು ಪಾಚಿಯೇ ಅಲ್ಲ ಎಂದು ಜಗಳಕ್ಕೂ ಬರುತ್ತಾರೆ. ಒಂದೊಂದು ಬಗೆಗೂ ಒಂದು ನಂಬರು. ಸಂಶೋಧನೆ ಮಾಡುವವರು ಯಾರೇ ಬರೆದು ಕೇಳಲಿ, ಒಂದು ಚೂರು ಬೆಳೆಸಿ ಕಳಿಸುವುದು ಅಲ್ಲಿನ ಧರ್ಮ. ಒಬ್ಬರು ಅದರಲ್ಲಿ ಔಷಧಿ ಹುಡುಕುತ್ತಾರೆ, ಒಬ್ಬರು ಗೊಬ್ಬರ, ಇನ್ನೊಬ್ಬರಿಗೆ ಕುಡಿಯುವ ನೀರಿನಲ್ಲಿ ವಿಷ ಎಲ್ಲಿಂದ ಬಂತು ಎಂದು ತಿಳಿಯಬೇಕು. ಇಪ್ಪತ್ತಾರು ವರ್ಷ ಅವನ್ನೆಲ್ಲ ಸಾಯದಂತೆ ಕಾದವಳು ಇವಳು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು, ಉಳಿದ ದಿನ ಎಲ್ಲರಿಗೂ ಪಾಚಕ್ಕ.

ಕಾಯುವ ಕ್ರಮ ಹೀಗೆ. ಆರು ವಾರಕ್ಕೊಮ್ಮೆ ತಂತಿಯ ತುದಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಹಳೆಯ ಕೊಳವೆಯಿಂದ ಒಂದು ಚೂರು ಹಸಿರನ್ನು ಹೊಸದಕ್ಕೆ ಇಳಿಸಬೇಕು. ಹಳೆಯದು ಅಮ್ಮ, ಹೊಸದು ಮಗಳು. ಮಗಳು ಹಸಿರಾಗುವ ತನಕ ಅಮ್ಮನನ್ನಷ್ಟೇ ಅಲ್ಲ, ಅಜ್ಜಿಯನ್ನೂ ಬಿಸಾಡುವಂತಿಲ್ಲ. ಇನ್ನೊಂದು ಕಟ್ಟಪ್ಪಣೆ, ಮೂವರೂ ಒಂದೇ ಕೋಣೆಯಲ್ಲಿ ಇರಕೂಡದು. ಮಗಳು ದೀಪದ ಕೋಣೆಯಲ್ಲಿ, ಅಮ್ಮ ಹಿಂದಿನ ಕೋಣೆಯಲ್ಲಿ, ಅಜ್ಜಿ ಹಜಾರದ ಬೀರುವಿನಲ್ಲಿ. ಒಂದು ಕಡೆ ಏನಾದರೂ ಆದರೆ ಇನ್ನೊಂದು ಕಡೆ ವಂಶ ಉಳಿಯಲಿ ಎಂದು. ಪಾಚಕ್ಕ ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ, "ಜಾಣರು ಕಣೆ ಅವರು, ನಮ್ಮನೇಲೂ ಇದೇ ಕಾನೂನು ತರಬೇಕಿತ್ತು," ಎಂದು ನಕ್ಕಿದ್ದರು.

ಹೆಚ್ಚಿನ ಬಗೆಗಳಿಗೆ ಫ್ರೀಜರಿನಲ್ಲಿ ಇನ್ನೊಂದು ಪ್ರತಿ ಇತ್ತು. ಆರುನೂರ ಹದಿನಾಲ್ಕಕ್ಕೆ ಇರಲಿಲ್ಲ. ಕೂದಲಿಗಿಂತ ಸಣ್ಣ ಎಳೆ ಅದು, ಚಳಿ ತಡೆಯದು. ಮೂರು ಸಲ ಹೆಪ್ಪುಗಟ್ಟಿಸಿ ನೋಡಿದ್ದರು, ಕರಗಿಸಿದಾಗ ಎಳೆಗಳೆಲ್ಲ ಒಡೆದು ಬರೀ ನೀಲಿ ನೀರು ಉಳಿದಿತ್ತು. ಅದು ಸಿಕ್ಕಿದ ಹೊಂಡವನ್ನು ಮುಚ್ಚಿ ಈಗ ಅಲ್ಲಿ ಕಾರು ನಿಲ್ಲಿಸುತ್ತಿದ್ದರು. ಅಂದರೆ ಅಜ್ಜಿ, ಅಮ್ಮ, ಮಗಳು, ಈ ಮೂರು ಕೊಳವೆ ಬಿಟ್ಟರೆ ಅದಕ್ಕೆ ಭೂಮಿಯ ಮೇಲೆ ಬೇರೆ ಮನೆಯಿಲ್ಲ ಎಂದೇ ಪಾಚಕ್ಕ ತಿಳಿದಿದ್ದಳು.

ನಾಲ್ಕು ದಿನದ ರಜೆಯ ಹಿಂದಿನ ಸಂಜೆ ಹಿಂದಿನ ಕೋಣೆಯ ಪೈಪು ತೊಟ್ಟಿಕ್ಕುವುದನ್ನು ಅವಳು ನೋಡಿದಳು. ರಜೆಯಲ್ಲಿ ಪೈಪು ಒಡೆದರೆ? ನೀರು ಬೀರುವಿಗೂ ನುಗ್ಗಿದರೆ? ಉಳಿದವಕ್ಕೆ ಫ್ರೀಜರಿದೆ, ಇದಕ್ಕೆ ಯಾರಿದ್ದಾರೆ? ಹಿಂದುಮುಂದು ನೋಡದೆ ಅಮ್ಮನನ್ನೂ ಅಜ್ಜಿಯನ್ನೂ ಎತ್ತಿಕೊಂಡು ಬಂದು, ದೀಪದ ಕೋಣೆಯಲ್ಲಿ ಮಗಳ ಪಕ್ಕ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಮೂರನ್ನೂ ಇಟ್ಟಳು. ನೀರು ಅಲ್ಲಿಗಂತೂ ಏರುವುದಿಲ್ಲ. ಅವಳ ತಲೆಯಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಆ ವಾರವಷ್ಟೇ ಅಲ್ಲಿ ಹೊಸ ದೀಪ ಹಾಕಿದ್ದರು, ಹಳೆಯದರ ಮೂರರಷ್ಟು ಬೆಳಕಿನದು, ಮೇಲಿನ ಹಲಗೆಯಿಂದ ಒಂದು ಗೇಣು ದೂರ.

ಪೈಪು ಒಡೆಯಲಿಲ್ಲ. ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೂರೂ ಕೊಳವೆಗಳು ಆ ದೀಪದ ಝಳಕ್ಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಪಾಚಕ್ಕ ಬಾಗಿಲ ಚಿಲಕ ಹಾಕಿಕೊಂಡು ನೆಲದ ಮೇಲೇ ಕುಳಿತುಬಿಟ್ಟಳು. ಆಮೇಲೆ ಎದ್ದು, ಮೂರರಿಂದಲೂ ಚೂರು ಚೂರು ತೆಗೆದು ಹನ್ನೆರಡು ಹೊಸ ಕೊಳವೆಗೆ ಇಳಿಸಿ, ಮಬ್ಬು ಬೆಳಕಿನ ಮೂಲೆಯಲ್ಲಿ ಬಟ್ಟೆ ಮುಚ್ಚಿ ಬಚ್ಚಿಟ್ಟಳು. ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೇಲಧಿಕಾರಿ ಮೇಡಂ "ಪಾಚಕ್ಕ" ಎಂದರೆ ಸಾಕು, ಬಟ್ಟೆ ಮುಚ್ಚಿದ ಮೂಲೆಗೆ ಅಡ್ಡ ಹೋಗಿ ನಿಲ್ಲುತ್ತಿದ್ದಳು. ಅವರು ಕೇಳಿದ್ದು ಬರೀ ಪೆನ್ನು. ದಿನಕ್ಕೆ ಹತ್ತು ಸಲ ಬಟ್ಟೆ ಎತ್ತಿ ನೋಡುತ್ತಿದ್ದಳು. ಹನ್ನೆರಡರಲ್ಲಿ ಒಂದೂ ಹಸಿರಾಗಲಿಲ್ಲ. ಒಂಬತ್ತನೆಯ ದಿನ ಗಾಯದ ಮೇಲೆ ಬರೆ ಎಂಬಂತೆ ಕಾಗದ ಬಂತು. ದೂರದ ಸಂಶೋಧಕಿಯೊಬ್ಬಳಿಗೆ ಆರುನೂರ ಹದಿನಾಲ್ಕು ಬೇಕಂತೆ, ಎರಡು ವರ್ಷದ ಕೆಲಸ ಅದರ ಮೇಲೆಯೇ ನಿಂತಿದೆಯಂತೆ, ಬೇಗ ಕಳಿಸಬೇಕಂತೆ.

ಆರುನೂರ ಹನ್ನೆರಡೂ ನೋಡಲು ಹಾಗೇ ಇತ್ತು, ಅದೇ ಎಳೆ, ಅದೇ ಬಣ್ಣ. ಬರಿಗಣ್ಣಿಗೆ ಬಿಡಿ, ಸೂಕ್ಷ್ಮದರ್ಶಕದಲ್ಲೂ ಹೊಸಬರು ಮೋಸ ಹೋಗಬೇಕು. ಪಾಚಕ್ಕ ಅದರ ಒಂದು ಚೂರನ್ನು ಹೊಸ ಕೊಳವೆಗೆ ಇಳಿಸಿ ಆರುನೂರ ಹದಿನಾಲ್ಕು ಎಂದು ಚೀಟಿ ಅಂಟಿಸಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು ಚೀಟಿ.

ಮರುದಿನ ಬೆಳಿಗ್ಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹತ್ತು ದಿನ ಆಯ್ತು, ಒಲೆ ನೋಡೋಕೆ ಒಂದ್ಸಲಾನೂ ವಾಪಸ್ಸು ಬಂದಿಲ್ಲ ನೀನು. ಏನು ಮಾಡ್ಕೊಂಡಿದ್ದೀಯ?"

ಪಾಚಕ್ಕ ಅಳುತ್ತ ಎಲ್ಲ ಹೇಳಿದಳು. ಅತ್ತೆಗೆ ಅರ್ಧ ಅರ್ಥವಾಯಿತು. "ಮನುಷ್ಯರು ಯಾರೂ ಸತ್ತಿಲ್ಲ ತಾನೆ?"

"ಇಲ್ಲ ಅತ್ತೆ. ಆದ್ರೆ ಅದು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ವೇನೋ. ನಾನೇ ಕೊಂದೆ."

"ನಿಂಗೆ ಕೆಲಸ ಹೋಗುತ್ತೆ ಅಂತ ಭಯಾನಾ, ಅದು ಹೋಯ್ತು ಅಂತ ಸಂಕಟಾನಾ?"

"ಎರಡೂ."

"ಹಾಗಿದ್ರೆ ಹೇಳ್ಬಿಡು. ಬಚ್ಚಿಟ್ಟು ಕೂತ್ರೆ ಎರಡರಲ್ಲಿ ಒಂದೂ ವಾಪಸ್ಸು ಬರಲ್ಲ."

ಮೇಡಂ ಅವಳಿಗಿಂತ ಹತ್ತು ವರ್ಷ ಚಿಕ್ಕವರು, ದನಿ ಎತ್ತಿ ಮಾತಾಡಿದವರಲ್ಲ. ಪಾಚಕ್ಕ ಕೊಳವೆಯನ್ನು ಅವರ ಮೇಜಿನ ಮೇಲಿಟ್ಟಳು. "ಚೀಟಿ ಮಾತ್ರ ಆರುನೂರ ಹದಿನಾಲ್ಕರದ್ದು ಮೇಡಂ. ಒಳಗಿರೋದು ಬೇರೆ. ಅದು ಸತ್ತು ಹತ್ತು ದಿನ ಆಯ್ತು." ದೀಪ, ಹಲಗೆ, ಬಟ್ಟೆ ಮುಚ್ಚಿದ ಮೂಲೆ, ಯಾವುದನ್ನೂ ಬಿಡದೆ ಹೇಳಿದಳು.

ಮೇಡಂ ಮುಖ ಬಿಳಿಚಿಕೊಂಡಿತು. "ಇದನ್ನ ಕಳಿಸಿಬಿಡ್ತಿದ್ರಾ?" ಎಂದರು. ಪಾಚಕ್ಕ ತಾನೇ ಆ ಚೀಟಿಯನ್ನು ಉಗುರಿನಿಂದ ಕಿತ್ತಳು. ಆಮೇಲೆ ಅವರು, ಬೈದಿದ್ದರೇ ಎಷ್ಟೋ ವಾಸಿ ಎನ್ನುವಂತೆ, ಮೆಲ್ಲಗೆ ಕೇಳಿದರು. "ಹಿಂದೆ ಇದನ್ನ ಯಾರಿಗೆಲ್ಲ ಕಳಿಸಿದ್ದೀವಿ? ಅವರ ಹತ್ರ ಉಳಿದಿರಬಹುದಲ್ಲ?"

ಅದು ಪಾಚಕ್ಕನಿಗೂ ಹೊಳೆಯದೆ ಇರಲಿಲ್ಲ. ಮೊದಲನೆಯ ದಿನವೇ ಹೊಳೆದಿತ್ತು. ಆದರೆ ವಾಪಸ್ಸು ಕೇಳಬೇಕಾದರೆ ನಮ್ಮದು ಸತ್ತಿದೆ ಎಂದು ಬರೆಯಬೇಕು. ಆ ಒಂದು ಸಾಲಿಗೆ ಹೆದರಿ ಹತ್ತು ದಿನ ಕಳೆದಿದ್ದಳು.

ರವಾನೆ ಪುಸ್ತಕದಲ್ಲಿ ಏಳು ವಿಳಾಸ ಸಿಕ್ಕವು. ಏಳು ಕಾಗದವನ್ನೂ ಅವಳೇ ಬರೆದಳು, ತಪ್ಪು ತನ್ನದೆಂದು ಕೆಳಗೆ ಸಹಿ ಮಾಡಿದಳು. ಕಾಯಬೇಕೆಂದು ಸಂಶೋಧಕಿಗೂ ಬರೆದರು. ಉತ್ತರಗಳು ಒಂದೊಂದಾಗಿ ಬಂದವು. ಒಬ್ಬರು ಹೋದ ವರ್ಷ ಫ್ರಿಡ್ಜ್ ಖಾಲಿ ಮಾಡುವಾಗ, ನೀವಿದ್ದೀರಲ್ಲ ಅಂತ ಬಿಸಾಡಿದರಂತೆ. ಇನ್ನೊಬ್ಬರು ಕೆಲಸ ಮುಗಿದ ದಿನವೇ ಚೆಲ್ಲಿದರಂತೆ, ಬೇಕಾದರೆ ನಿಮ್ಮಿಂದ ತರಿಸಬಹುದಲ್ಲ ಎಂದು. ಮೂರನೆಯದೂ ಅದೇ ರಾಗ. ನಾಲ್ಕನೆಯದೂ, ಐದನೆಯದೂ ಅದೇ. ಆರನೆಯ ಕಾಗದ ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದಿರುಗಿತು.

ಪಾಚಕ್ಕನಿಗೆ ಈಗ ಕೆಲಸ ಹೋಗುವ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೇರೊಂದು ಬಂದು ಕೂತಿತ್ತು. ದೀಪದ ಕೋಣೆಯಲ್ಲಿ ನಿಂತು ಸಾಲುಸಾಲು ಕೊಳವೆಗಳನ್ನು ನೋಡಿದರೆ ಅದೊಂದೇ ಯೋಚನೆ. ಇಂಥ ಒಬ್ಬ ಪುಕ್ಕಲಿಯನ್ನು ನಂಬಿ, ಅಯ್ಯೋ ದೇವರೇ, ಲೋಕವೆಲ್ಲ ನಿಶ್ಚಿಂತೆಯಿಂದ ಕೈ ತೊಳೆದುಕೊಂಡು ಕೂತಿದೆ.

ಏಳನೆಯದಕ್ಕೆ ಉತ್ತರವೇ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಮಕ್ಕಳಿಗೆ ತೋರಿಸಲೆಂದು ತರಿಸಿಕೊಂಡಿದ್ದ ಕಾಲೇಜು ಮೇಷ್ಟ್ರಮ್ಮ ಅವರು. ಬದುಕಿದ್ದಾರೋ ಇಲ್ಲವೋ ಎಂದುಕೊಳ್ಳುತ್ತಿರುವಾಗ, ಒಂದು ಮಂಗಳವಾರ ಹನ್ನೊಂದು ಗಂಟೆಗೆ ಅವರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಚೀಲದೊಳಗೆ ಟವಲು, ಟವಲಿನೊಳಗೆ ಜಾಮಿನ ಬಾಟಲಿ, ಬಾಟಲಿಯ ತುಂಬ ಹಸಿರು ಕೊಳಕು.

"ಅಂಚೆಗೆ ಕೊಡೋಕೆ ಧೈರ್ಯ ಬರ್ಲಿಲ್ಲ," ಎಂದರು. "ಕಿಟಕೀಲಿ ಇಟ್ಟಿದ್ದೆ, ಆಗಾಗ ನೀರು ಹಾಕ್ತಿದ್ದೆ. ಇದೇನಾ ನಿಮ್ಮದು, ನೋಡಿ."

ಪಾಚಕ್ಕ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟಳು. ಬೇಡದ ಐದಾರು ಜಾತಿಯ ಪಾಚಿ, ಹುಳ, ಧೂಳು. ಅವುಗಳ ನಡುವೆ ಸಣ್ಣಗೆ, ತುದಿ ಮಾತ್ರ ಕೊಂಚ ಬಾಗಿದ ಒಂದು ಎಳೆ ಯಾರ ಗೊಡವೆಯೂ ಇಲ್ಲದೆ ಮೆಲ್ಲಗೆ ಜಾರಿಕೊಂಡು ಹೋಗುತ್ತಿತ್ತು. ಆರುನೂರ ಹನ್ನೆರಡರ ತುದಿ ಬಾಗುವುದಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಡಂ, "ಪರೀಕ್ಷೆ ಆಗ್ಬೇಕು, ತೊಳೆದು ಬೇರೆ ಮಾಡೋಕೇ ಒಂದು ತಿಂಗಳು ಬೇಕು," ಎಂದರು. ಹಾಗೆನ್ನುತ್ತಲೇ ತಾವೂ ಬಂದು ಸೂಕ್ಷ್ಮದರ್ಶಕಕ್ಕೆ ಬಾಗಿದರು.

ಮೇಷ್ಟ್ರಮ್ಮ ಟವಲು ಮಡಿಸುತ್ತ ನಿಟ್ಟುಸಿರು ಬಿಟ್ಟರು. "ಅಬ್ಬಾ, ಸರಿಯಾದ ಜಾಗಕ್ಕೆ ಸೇರ್ತು. ಪೂರ್ತಿ ನೀವೇ ಇಟ್ಕೊಳ್ಳಿ. ನನಗೆ ಕೈ ನಡುಗುತ್ತೆ, ಯಾವತ್ತು ಬೀಳಿಸ್ತೀನೋ ಅಂತ ಭಯ."

ಪಾಚಕ್ಕ ತೊಳೆದ ಇನ್ನೊಂದು ಬಾಟಲಿ ತಂದಳು. ಅದಕ್ಕೆ ಅರ್ಧ ಸುರಿದು, ಮುಚ್ಚಳ ಬಿಗಿದು, ಅದನ್ನು ಟವಲಿನಲ್ಲಿ ಸುತ್ತಿ ಅವರ ಚೀಲದೊಳಗೆ ಇಟ್ಟಳು.

"ನನಗೂ ಭಯ ಅಮ್ಮ," ಎಂದಳು. "ಅದಕ್ಕೇ ಅರ್ಧ ನಿಮ್ಮ ಹತ್ರಾನೇ ಇರ್ಲಿ."